ಹೆಣ ಎತ್ತುವ ಮುಂಚೆ ಹಚ್ಚಿದ ಒಲೆ

ಕೆರೆ ಏರಿ ಬಿರುಕು ಬಿಟ್ಟಿದೆ ಎಂದು ಹೇಳಿಕೊಂಡು ಜೋಗಪ್ಪ ಬೇಸಿಗೆಯೆಲ್ಲ ಹಿಂದೂಪುರದ ಆಫೀಸಿಗೆ ಚಪ್ಪಲಿ ಸವೆಸಿದ್ದ. ನೋಡೋಣ, ನೋಡೋಣ ಎಂದರು. ಮಳೆ ನೋಡುತ್ತಾ ಕೂರುತ್ತದೆಯೇ? ಏರಿ ಒಡೆದು ರೊದ್ದಂ ಕಡೆಯ ಆ ಪುಟ್ಟ ಊರಿನೊಳಗೆ ನೀರು ನುಗ್ಗಿತು. ಜೋಗಪ್ಪ ಊರ ಮಕ್ಕಳನ್ನೆಲ್ಲ ಹೊತ್ತು ಗುಡಿಯ ಜಗಲಿಗೆ ಹತ್ತಿಸಿದ. ಕೊನೆಗೆ ಮುದುಕಿ ಪೆದ್ದಮ್ಮನನ್ನು ಮನೆಯಿಂದ ಈಚೆ ತಳ್ಳುವಷ್ಟರಲ್ಲಿ ಗೋಡೆ ಅವನ ಮೇಲೆ ಬಿತ್ತು.

ಈಗ ಗುಡಿಯ ಮುಂದೆ ಮಂಚದ ಮೇಲೆ ಕಂಬಳಿ ಹೊದ್ದು ಮಲಗಿದ್ದ. ಹೆಂಡತಿ ಬೀರಕ್ಕ ಪಕ್ಕದಲ್ಲಿ ಕೂತಿದ್ದಳು. ಅಳು ಬರಲಿ ಎಂದು ಕಾದಳು, ಬರಲಿಲ್ಲ.

ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕುವವರು ಅಂತೂ ಬಂದರು. ಜೀಪಿನಲ್ಲಿ ಅಕ್ಕಿ ಮೂಟೆ, ಹಂಡೆ, ಸೌದೆ, ಒಂದು ಹೂವಿನ ಹಾರ. ಜೊತೆಗೆ ರೆವಿನ್ಯೂ ಇನ್ಸ್‌ಪೆಕ್ಟರ್ ಶ್ರೀರಾಮಪ್ಪ.

"ಹೆಣ ಎತ್ತಬ್ಯಾಡ್ರಪ್ಪಾ. ಮಂತ್ರಿಗಳು ಕಲ್ಯಾಣದುರ್ಗಕ್ಕೆ ಹೋಗೋ ದಾರೀಲಿ ಇಲ್ಲಿ ಇಳೀತಾರೆ. ಅವರ ಕೈಲೇ ಹಾರ ಹಾಕಿಸ್ಬೇಕು. ಕಾಸೇಪು ಆಗಂಡಿ, ಸ್ವಲ್ಪ ತಡೀರಿ, ಇನ್ನೊಂದು ಗಳಿಗೆ ಅಷ್ಟೇ."

ಬೆಳಿಗ್ಗೆ ಹೇಳಿದ ಗಳಿಗೆ ಮಧ್ಯಾಹ್ನ ಕಳೆದರೂ ಮುಗಿಯಲಿಲ್ಲ. ಊರಲ್ಲಿ ಹೆಣವಿದ್ದರೆ ಒಲೆ ಹಚ್ಚುವಂತಿಲ್ಲ, ಅದು ಅಜ್ಜ ಮುತ್ತಜ್ಜನ ಕಾಲದ ಕಟ್ಟು. ಅಕ್ಕಿಯಿದೆ, ಹಂಡೆಯಿದೆ, ಹಸಿದ ಊರೂ ಇದೆ. ಎಂಥಾ ಗ್ರಹಚಾರ ನೋಡಿ! ಜೋಗಪ್ಪ ಹೊತ್ತು ತಂದ ಮಕ್ಕಳೇ ಅವನ ಹೆಣದ ದೆಸೆಯಿಂದ ಉಪವಾಸ ಕೂತಿದ್ದವು. ಒಂದು ಕೂಸು ಮೂಟೆಯ ತೂತಿನಿಂದ ಹಸಿ ಅಕ್ಕಿ ತೆಗೆದು ಮುಕ್ಕುತ್ತಿತ್ತು.

ಬೀರಕ್ಕ ಅದನ್ನು ನೋಡಿದಳು. "ಎತ್ಬುಡಾನ ಸಾಮಿ, ಮಕ್ಳು ಬಾಡೋಯ್ತಾವೆ."

"ನನ್ನ ಕೆಲಸ ಹೋಯ್ತದೆ ಕಣಮ್ಮಾ," ಎಂದು ಶ್ರೀರಾಮಪ್ಪ ಕೈಮುಗಿದ. ಪಾಪ, ಅವನೂ ಬೆಳಿಗ್ಗೆಯಿಂದ ಏನೂ ತಿಂದಿರಲಿಲ್ಲ.

ಬೀರಕ್ಕ ಎದ್ದಳು. ಕಲ್ಲು ಜೋಡಿಸಿ, ಹಂಡೆ ಇಟ್ಟು, ಸೌದೆ ತುರುಕಿದಳು.

"ಬ್ಯಾಡ ಕಣೇ ಬೀರೀ!" ಪೆದ್ದಮ್ಮ ಎದೆ ಬಡಿದುಕೊಂಡಳು. "ಗಂಡನ ಹೆಣ ಮುಂದಿಟ್ಕೊಂಡು ಯಾರಾನ ಒಲೆ ಹಚ್ತಾರೇನೇ? ಅಪಚಾರ!"

"ಆಗೋ ಅಪಚಾರ ಎಲ್ಲಾ ಆಗೋಯ್ತು ಕಣಜ್ಜಿ. ಹಸ್ಕೊಂಡು ಸಾಯ್ಲಿ ಅಂತ ಈ ಮಕ್ಳನ್ನ ಹೊತ್ಕೊಂಡು ಬಂದ್ನಾ ಅವ್ನು?"

ಕಡ್ಡಿ ಗೀರಿದಳು. ಒಲೆ ಹತ್ತಿಕೊಂಡಿತು. 

ಮಕ್ಕಳು ಎಲೆಯ ಮುಂದೆ ಕೂತು ಉಣ್ಣುತ್ತಿದ್ದಾಗ ಅಂಬಾಸಡರ್ ಕಾರು ಬಂತು. ಕೆಸರು ನೋಡಿ ಮಂತ್ರಿಗಳು ಇಳಿಯಲಿಲ್ಲ, ಗಾಜು ಇಳಿಸಿದರು. ಹಬೆಯಾಡುವ ಹಂಡೆ ಕಂಡಿತು. ಜನರ ಹಿಂದಿದ್ದ ಮಂಚ ಕಾಣಲಿಲ್ಲ.

"ಬಿಸಿ ಬಿಸಿ ಊಟ! ಭೇಷ್! ಏರ್ಪಾಟು ಅಂದ್ರೆ ಹೀಗಿರ್ಬೇಕು," ಎಂದು ಕಿಟಕಿಗೆ ಬಾಗಿ ನಿಂತಿದ್ದ ಶ್ರೀರಾಮಪ್ಪನ ಭುಜ ತಟ್ಟಿದರು. ಅವನು ಹಾರ ಹಿಡಿದು ಬಾಯಿ ತೆರೆಯುವಷ್ಟರಲ್ಲಿ ಗಾಜು ಏರಿತು. ಕಾರು ಕಲ್ಯಾಣದುರ್ಗದ ಕಡೆ ಹೊರಟೇಹೋಯಿತು.

ಶ್ರೀರಾಮಪ್ಪ ಹಾರ ಹಿಡಿದೇ ನಿಂತಿದ್ದ. ಬೀರಕ್ಕ ಸೌಟು ಕೆಳಗಿಟ್ಟು ಅವನ ಹತ್ತಿರ ಬಂದಳು. ಅವಳ ದನಿಯಲ್ಲಿ ಸಿಟ್ಟೂ ಇರಲಿಲ್ಲ, ಅಳುವೂ ಇರಲಿಲ್ಲ.

"ಮಂತ್ರಿಗಳು ಬಂದು ಹೋದ್ರಲ್ಲ ಸಾಮಿ, ಇನ್ನು ಎತ್ಬೋದಾ?"