ಸಕ್ಕುಬಾಯಿಯ ಗಾಲಿಮನೆ

ತೆಲಸಂಗದ ಮಲಕಾರಿ ಟ್ರೇಲರ್ ತಂದ ದಿನ ಊರ ಮಂದಿ ಮೊದಲು ಕೇಳಿದ್ದು, ಟ್ರ್ಯಾಕ್ಟರ್ ಎಲ್ಲಿ ಅಂತ. ಟ್ರ್ಯಾಕ್ಟರ್ ಇರಲಿಲ್ಲ. ಎತ್ತಿಲ್ಲದವನು ಬಂಡಿ ಕೊಂಡ ಹಾಗೆ, ಕುರಿ ಕಾಯುವ ಮಲಕಾರಿ ಎಂಬತ್ತೆಂಟರ ದಸರೆಗೆ ಚಿಕ್ಕೋಡಿಯಿಂದ ಎರಡು ಗಾಲಿಯ ಹೊಚ್ಚ ಹೊಸ ಟ್ರೇಲರ್ ಮಾಡಿಸಿಕೊಂಡು ಬಂದಿದ್ದ. ಅವನ ಮನೆತನದಲ್ಲಿ ಅಲ್ಲಿಯವರೆಗೆ ಕಬ್ಬಿಣದ ಸಾಮಾನು ಅಂದರೆ ಉಣ್ಣೆಯ ಕತ್ತರಿ, ಒಂದು ಕೊಡಲಿ. ನಗುವವರಿಗೇನು, ನಕ್ಕರು. ಆದರೆ ಅವನಿಗೆ ಟ್ರೇಲರ್ ಬೇಕಾದದ್ದು ಕಬ್ಬು ಹೇರಲಿಕ್ಕಲ್ಲ, ಹೆಂಡತಿ ಸಕ್ಕುಬಾಯಿಯನ್ನು ಜೊತೆಗೆ ಕರೆದೊಯ್ಯಲಿಕ್ಕೆ.

ದೀಪಾವಳಿ ಮುಗಿಯಿತೆಂದರೆ ಆ ಕಡೆಯ ಕುರಿ ಹಿಂಡುಗಳು ಒಣ ಬಯಲು ಬಿಟ್ಟು ಪಡುವಣಕ್ಕೆ, ರಾಯಬಾಗ ಚಿಕ್ಕೋಡಿಯ ನೀರಾವರಿ ಸೀಮೆಗೆ ಹೊರಡುತ್ತವೆ. ಅಲ್ಲಿಯ ರೈತರು ತಮ್ಮ ಹೊಲದಲ್ಲಿ ಕುರಿ ತರುಬಿಸಿಕೊಳ್ಳುತ್ತಾರೆ. ರಾತ್ರಿಯೆಲ್ಲ ಹಿಂಡು ಮಲಗಿದ ನೆಲಕ್ಕೆ ಹಿಕ್ಕೆಯೇ ಗೊಬ್ಬರ. ಹೀಗೆ ಹೊಲದಿಂದ ಹೊಲಕ್ಕೆ ಸಾಗಿ, ಮಳೆ ಬೀಳುವ ಹೊತ್ತಿಗೆ ಊರಿಗೆ ತಿರುಗುವುದು. ಸಾಮಾನು ಕುದುರೆಯ ಮೇಲೆ, ಮನುಷ್ಯರು ಕಾಲಿನ ಮೇಲೆ. ಸಕ್ಕುಬಾಯಿ ಮದುವೆಯಾದ ವರ್ಷದಿಂದ ಒಂದು ಸಲವೂ ತಪ್ಪಿಸದೆ ನಡೆದವಳು. ಹಿಂದಿನ ವರ್ಷ ಕಾಲುವೆಯ ದಂಡೆಯಿಂದ ಜಾರಿ ಬಿದ್ದು ಸೊಂಟದ ಎಲುಬು ಮುರಿಯಿತು. ಕೂಡುವುದೇನೋ ಕೂಡಿತು, ಆದರೆ ವಾರೆಯಾಗಿ ಕೂಡಿತು. ಕೋಲು ಹಿಡಿದು ಬಾಗಿಲ ತನಕ ಹೋದರೆ ಅದೇ ಹೆಚ್ಚು. ಕುದುರೆಯ ಮೇಲೆ ಕೂರಿಸಿ ನೋಡಿದರು, ನೋವಿಗೆ ಕಿರುಚಿಕೊಂಡಳು.

ಮುಗಳಖೋಡಕ್ಕೆ ಕೊಟ್ಟ ಮಗಳು, ಅವ್ವ ತನ್ನಲ್ಲೇ ಇರಲಿ ಅಂದಳು. ಸಕ್ಕುಬಾಯಿ ಒಪ್ಪಲಿಲ್ಲ.

"ಅಳಿಯನ ಮನ್ಯಾಗ ಮೂಲಿ ಹಿಡದ ಕುಂಡ್ರಾಕ ನಾ ಏನ ಒಡದ ಬೀಸೂಕಲ್ಲೇನ?" ಅಂದಳು. ಹೇಳಿ ಗೋಡೆಯ ಕಡೆ ಹೊರಳಿ ಅತ್ತಳು.

ಮಲಕಾರಿಗೆ ಕುರಿ ಬಿಟ್ಟರೆ ಬದುಕಿಲ್ಲ, ಸಕ್ಕುಬಾಯಿಯನ್ನು ಬಿಟ್ಟರೂ ಬದುಕಿಲ್ಲ. ಎರಡರಲ್ಲಿ ಒಂದನ್ನು ಆರಿಸುವ ಗಳಿಗೆ ಬರಬಾರದೆಂದೇ ಅವನು ಹನ್ನೆರಡು ಒಳ್ಳೆಯ ಟಗರು ಮಾರಿ ಟ್ರೇಲರ್ ಮಾಡಿಸಿದ್ದು.

ಎಳೆಯುವವರು ಯಾರು? ಅದಕ್ಕೂ ಅವನು ಉಪಾಯ ಹೂಡಿದ್ದ. ಕುರಿ ತರುಬಿದ್ದಕ್ಕೆ ರೈತರು ಜೋಳ ಕೊಡುವುದು ವಾಡಿಕೆ. ಮಲಕಾರಿ, "ಜ್ವಾಳ ಬ್ಯಾಡ್ರಿ. ನಿಮ್ಮ ಟ್ರ್ಯಾಕ್ಟರ್ ಹಚ್ಚಿ ನಮ್ಮ ಗಾಲಿಮನಿನ್ನ, ನಾವು ಹೋಗೂ ಮುಂದಿನ ಹೊಲಕ್ಕ ಬಿಟ್ಟ ಬರ್ರಿ" ಎಂದ. ರೈತರು ನಕ್ಕು ಒಪ್ಪಿದರು. ನಗದವನು ಅವನ ತಮ್ಮ ಕಾಡಸಿದ್ದ ಒಬ್ಬನೇ. ಹಿಂಡಿನಲ್ಲಿ ಅರ್ಧ ಕುರಿ ಅವನವು.

"ಅಣ್ಣಾ, ನಾಳೆ ನನ್ನ ಮಕ್ಕಳಿಗೆ ಗಾಲಿ ಬೇಯಿಸಿ ಹಾಕ್ಲೇನ?" ಎಂದ.

ಕೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಮಲಕಾರಿ ತನ್ನ ಪಾಲಿನ ಮರಿಗಳಲ್ಲಿ ಎರಡನ್ನು ಅವನಿಗೆ ಬಿಟ್ಟುಕೊಟ್ಟು ಬಾಯಿ ಮುಚ್ಚಿಸಿದ.

ಹೊಸದರಲ್ಲಿ ಅಗಸ ಗೋಣಿ ಎತ್ತಿ ಎತ್ತಿ ಒಗೆದನಂತೆ. ಮಲಕಾರಿಯ ಕಥೆಯೂ ಅದೇ. ಮೊದಲ ವರ್ಷ ಟ್ರೇಲರಿಗೆ ಕಬ್ಬಿಣದ ಸಳಿ ಬಾಗಿಸಿ ತಾಡಪತ್ರಿ ಹೊದಿಸಿದ. ಅಥಣಿಯ ಕಡೆಯ ಗಾಳಿ ಅದನ್ನು ಹರಿದು ಹಾಕಿತು. ಎರಡನೆಯ ವರ್ಷ ತಗಡು ಬಡಿಸಿದ. ತಗಡು ಕಾದು ಸಕ್ಕುಬಾಯಿ ಒಳಗೆ ಬೇಯತೊಡಗಿದಳು. ಅದರ ಮೇಲೆ ರವದಿ, ಕಬ್ಬಿನ ಒಣ ಸೋಗೆ, ಹೊದಿಸಿದ. ದಾರಿಯ ಕುಣಿಗಳಲ್ಲಿ ಟ್ರೇಲರ್ ಹಾರಿದಾಗಲೆಲ್ಲ ಅವಳ ಸೊಂಟಕ್ಕೆ ಬಡಿಯುತ್ತಿತ್ತು. ನಿಪ್ಪಾಣಿಯ ಗುಜರಿಯಿಂದ ಕುಲುಕಾಟ ತಡೆಯಲೆಂದು ಹಳೆಯ ಲಾರಿಯ ಪಾಟಾ, ಸ್ಪ್ರಿಂಗಿನ ಪಟ್ಟಿ, ತಂದು ಅಡಿಗೆ ಹಾಕಿಸಿದ. ಆಮೇಲೆ ಹಲಗೆಯ ಮಂಚ ಬಂತು, ಮಣ್ಣಿನ ಒಲೆ ಬಂತು, ನೀರಿನ ಟಾಕಿ ಬಂತು, ಅವಳು ಇಳಿಯಲೆಂದು ಕಬ್ಬಿಣದ ಮೆಟ್ಟಿಲು ಬಂತು. ಒಂದು ಕೊರತೆ ಮುಚ್ಚಿದರೆ ಆ ಮುಚ್ಚಿದ್ದೇ ಇನ್ನೊಂದು ಕೊರತೆ ಹಡೆಯುತ್ತಿತ್ತು. ಟ್ರೇಲರ್ ಮಾತ್ರ ವರ್ಷವರ್ಷಕ್ಕೆ ತೂಗುತ್ತ ಹೋಯಿತು.

ಕಬ್ಬೂರಿನ ಆಚೆ ಹೊಲವಿದ್ದ ಭಾವುಸಾಹೇಬ ಅದನ್ನು ಎಳೆದವರಲ್ಲಿ ಒಬ್ಬ. "ಮಲಕಾರಿ, ಇದು ಟ್ರೇಲರ್ ಅಲ್ಲೋ ಮಾರಾಯಾ, ವಾಡೇ ಐತಿ. ನನ್ನ ಟ್ರ್ಯಾಕ್ಟರ್ ಮೂತಿ ಮ್ಯಾಲ ಎತ್ತಾಕತ್ತೈತಿ" ಎಂದು ಅವನು ಎಲ್ಲರೆದುರು ಚೇಷ್ಟೆ ಮಾಡಿದ. ಮಲಕಾರಿ ಅದನ್ನು ಹೊಗಳಿಕೆ ಎಂದುಕೊಂಡು ಹಿಗ್ಗಿದ. ಅವನ ಮುಖ ನೋಡಿ ಸಕ್ಕುಬಾಯಿಯೂ ಹಿಗ್ಗಿದಳು. ಆ ವರ್ಷಗಳಲ್ಲಿ ಅವರು ಸುಖವಾಗಿಯೇ ಇದ್ದರೆಂದು ಹೇಳಬೇಕು, ಇಲ್ಲದಿದ್ದರೆ ಸುಳ್ಳಾಗುತ್ತದೆ.

ಟ್ರೇಲರ್ ಮಾಡಿದ ಚಿಕ್ಕೋಡಿಯ ಪಾರಿಸ ಮಿಸ್ತ್ರಿ ವರ್ಷಕ್ಕೊಮ್ಮೆ ಗಾಲಿ ಬಿಚ್ಚಿ ಬೇರಿಂಗಿಗೆ ಹೊಸ ಗ್ರೀಸು ತುಂಬುತ್ತಿದ್ದ. ಒಂದು ಸಲ ಒಳಗಿಂದ ಒಂದು ಕರಿ ಬಳೆಯಂಥದ್ದನ್ನು ತೆಗೆದು ತೋರಿಸಿದ.

"ಕಾಕಾ, ಇದು ಉಣ್ಣೀದು. ಧೂಳಿ ಒಳಗ ಬಿಡೂದಿಲ್ಲ."

ಮಲಕಾರಿ ಅದನ್ನು ಬೆರಳಲ್ಲಿ ಹಿಸುಕಿ ನೋಡಿದ. ಹೌದು, ಉಣ್ಣೆಯೇ. ಎಲ್ಲಿಯೋ ಹುಟ್ಟಿದ ಕುರಿಯ ಉಣ್ಣೆ, ಯಾರೋ ತಟ್ಟಿ ಬಿಗಿಮಾಡಿದ್ದು. ಅವನಿಗೆ ನಗು ಬಂತು. ಇಷ್ಟು ದಿನ ಈ ಕಬ್ಬಿಣದ ಪ್ರಾಣಿ ಅವನಿಗೆ ಪರಕೀಯವಾಗಿತ್ತು. ಅದರ ಹೊಟ್ಟೆಯಲ್ಲೂ ಉಣ್ಣೆಯೇ ಇದೆ ಅಂದಮೇಲೆ ಇನ್ನೇನು, ಇದು ನಮ್ಮದೇ ವಿದ್ಯೆ ಅಂದುಕೊಂಡ. ಮಳೆಗೆ ಉಣ್ಣೆ, ಚಳಿಗೆ ಉಣ್ಣೆ, ಬಾಣಂತಿಗೆ ಉಣ್ಣೆ, ಹೆಣಕ್ಕೂ ಉಣ್ಣೆ. ಅವನ ಲೆಕ್ಕದಲ್ಲಿ ಉಣ್ಣೆ ಕಾಯದ ವಸ್ತುವೇ ಇರಲಿಲ್ಲ.

ಮುಂದಿನ ವರ್ಷ ಹೊರಡುವ ಮೊದಲು ಪಾರಿಸನ ಹತ್ತಿರ ಹೋಗಲಿಲ್ಲ. ತಾನೇ ಗಾಲಿ ಬಿಚ್ಚಿದ. ಒಳಗೆ ಗ್ರೀಸು ಧೂಳಿಗೆ ಕಪ್ಪಾಗಿತ್ತು. ಬಳೆ ಒಂದು ಸಾಲದು ಎನಿಸಿತು. ಸಕ್ಕುಬಾಯಿ ಮಂಚದ ಮೇಲೆ ಕುಳಿತು ಮರಿಗುರಿಗಳ ಮೆತ್ತನೆಯ ಉಣ್ಣೆ ಆರಿಸಿ ಕೊಟ್ಟಳು. ಅವನು ಅದನ್ನು ಗ್ರೀಸಿನಲ್ಲಿ ಅದ್ದಿ ಅದ್ದಿ ಎರಡೂ ಗಾಲಿಯ ಹೊಟ್ಟೆಗೆ ಗಿಡಿದು ತುಂಬಿದ. ತಟ್ಟಿ ಬಿಗಿಮಾಡಿದ ಉಣ್ಣೆ ಬೇರೆ, ಬಿಡಿ ಉಣ್ಣೆ ಬೇರೆ ಎಂದು ಕಂಬಳಿಯ ಕುಲದವನಿಗೆ ಹೇಳಿಕೊಡಬೇಕೇ? ಗೊತ್ತಿತ್ತು. ಗೊತ್ತಿದ್ದೂ, ಹೆಚ್ಚಾದರೆ ಒಳ್ಳೆಯದೇ ಅಂದುಕೊಂಡ.

ಬಿಡಿ ಉಣ್ಣೆ ಗ್ರೀಸನ್ನೆಲ್ಲ ಹೀರಿತು. ಒಳಗಿದ್ದ ಮುಳ್ಳು ಮರಳಿನ ಸಮೇತ ಅದು ಬೇರಿಂಗಿನ ಉರುಳೆಗಳ ನಡುವೆ ಸುತ್ತಿಕೊಂಡಿತು.

ಕಬ್ಬೂರು ದಾಟಿ ಭಾವುಸಾಹೇಬನ ಹೊಲದ ಹತ್ತಿರ ಬಂದಾಗ ಒಳಗಿನಿಂದ ಸಕ್ಕುಬಾಯಿ ಕೂಗಿದಳು. "ನಿಂದರ್ಸ್ರಿ! ಕಂಬಳಿ ಸುಟ್ಟ ನಾತ ಬರಾಕತ್ತೈತಿ!" ಒಲೆಯ ಬೆಂಕಿ ತಾಕಿತೆಂದು ಅವಳು ಹಾಸಿಗೆ ಕೊಡವುತ್ತಿದ್ದಳು. ಮಲಕಾರಿ ಗಾಲಿಯ ಕಡೆ ನೋಡಿದ. ನಡುವಿನಿಂದ ಹೊಗೆ ಏಳುತ್ತಿತ್ತು. ಟ್ರ್ಯಾಕ್ಟರ್ ನಿಲ್ಲುವಷ್ಟರಲ್ಲಿ ಅಚ್ಚಿನ ತುದಿ ಮುರಿದು ಗಾಲಿ ಕಾಲುವೆಯ ಕಡೆ ಉರುಳಿತು, ಮನೆ ಒಂದು ಮಗ್ಗುಲಿಗೆ ಕುಸಿಯಿತು. ಸಕ್ಕುಬಾಯಿಗೆ ಏನೂ ಆಗಲಿಲ್ಲ. ಮಲಕಾರಿ ಅವಳನ್ನು ಎತ್ತಿ ಇಳಿಸಿ ಬದುವಿನ ಮೇಲೆ ಕೂರಿಸಿದ.

ಪಾರಿಸ ಸೈಕಲ್ ಮೇಲೆ ಬಂದು ನೋಡಿದ. ಬೇರಿಂಗಿನಿಂದ ಕರಿ ಉಣ್ಣೆಯ ಎಳೆ ಜಗ್ಗಿ ತೆಗೆದು, ಇದು ಯಾರ ಕೆಲಸ ಎಂದು ಕೇಳಲಿಲ್ಲ. ಬರೀ ತಲೆಯಾಡಿಸಿದ.

"ಅಚ್ಚು ಹೊಸದ ಬೇಕ ಕಾಕಾ. ಈಗ ಕಬ್ಬಿನ ಹಂಗಾಮಾ. ಇದ್ದಬದ್ದ ಟ್ರೇಲರೆಲ್ಲ ನನ್ನ ಬಾಗಲಾಗ ನಿಂತಾವು. ಹಂಗಾಮಾ ಮುಗೀಲಿ, ಮಾಡೂಣು."

ಹಂಗಾಮು ಮುಗಿಯುವುದು ಬೇಸಗೆಗೆ. ಕುರಿ ಅಷ್ಟು ದಿನ ಕಾಯುವುದಿಲ್ಲ. ಇದ್ದ ಹೊಲದಲ್ಲಿ ಮೇವು ಮುಗಿದಿತ್ತು, ಮುಂದಿನ ಹೊಲದವನು ಹೇಳಿಕಳಿಸುತ್ತಿದ್ದ. ಯಾವ ಗಳಿಗೆ ಬರಬಾರದೆಂದು ಮಲಕಾರಿ ಇಷ್ಟೆಲ್ಲ ಮಾಡಿದ್ದನೋ, ಅದು ತಗಡಿನ ಬಾಗಿಲಿಗೇ ಬಂದು ನಿಂತಿತು.

"ನೀವು ಹೋಗ್ರಿ" ಎಂದಳು ಸಕ್ಕುಬಾಯಿ. "ನನ್ನ ಮುಗಳಖೋಡಕ್ಕ ಕಳಿಸಿ ಹೋಗ್ರಿ."

"ಒಡದ ಬೀಸೂಕಲ್ಲ ಅಲ್ಲ ಅಂದಿದ್ದಿ."

"ಈಗ ಹೌದಂತೀನಿ. ಕೇಳ್ರಿ ನನ್ನ ಮಾತು."

ಅವನು ಕೇಳಲಿಲ್ಲ. ಬೇಸಗೆಯ ತನಕ ಎಂದು ಹೇಳಿ ತನ್ನ ಪಾಲಿನ ಕುರಿಗಳನ್ನೆಲ್ಲ ಕಾಡಸಿದ್ದನ ಕೈಗೆ ಒಪ್ಪಿಸಿದ. ಟ್ರೇಲರಿನ ಕೆಳಗೆ ಕಲ್ಲು ಕೊಟ್ಟು ಮಟ್ಟ ಮಾಡಿದ. ಭಾವುಸಾಹೇಬ ಒಳ್ಳೆಯವನು, ಹೊಲದ ಮೂಲೆಯಲ್ಲಿ ಇರಿ ಅಂದ, ಕಬ್ಬಿಗೆ ನೀರು ಬಿಡುವ ಕೆಲಸವನ್ನೂ ಕೊಟ್ಟ. ಜನ್ಮವೆಲ್ಲ ತಲೆಯೆತ್ತಿ ದೂರ ನೋಡಿ ನಡೆದವನು ಸಲಿಕೆ ಹಿಡಿದು ಕೆಸರಿನಲ್ಲಿ ಬಗ್ಗಿ ನಿಂತ. ಸಂಜೆ ಬಂದರೆ ಇಬ್ಬರ ನಡುವೆ ಆಡಲು ಮಾತೇ ಇರುತ್ತಿರಲಿಲ್ಲ, ಯಾಕೆಂದರೆ ಅವರು ಆಡಿದ್ದೆಲ್ಲ ಕುರಿಯ ಮಾತೇ.

ಬೇಸಗೆಯಲ್ಲಿ ಪಾರಿಸ ಕೊಟ್ಟ ಮಾತಿನಂತೆ ಹೊಸ ಅಚ್ಚು ತಂದ. ಜ್ಯಾಕ್ ಇಟ್ಟು ಎತ್ತಿದಾಗ ಕೆಳಗಿನ ಚೌಕಟ್ಟು ನಡುವೆ ಬಾಯಿ ಬಿಟ್ಟಿತು. ತಗಡು, ಪಾಟಾ, ಮಂಚ, ಟಾಕಿ, ಎಲ್ಲದರ ಭಾರ ಹಗಲು ರಾತ್ರಿ ಹೊತ್ತು ಅದು ಒಳಗೊಳಗೇ ಸೀಳಿತ್ತು. "ಇದು ಹೊತ್ತು ತಂದು ಸುರುವಾಕ ಮಾಡಿದ್ದು ಕಾಕಾ. ಹೊತ್ತಕೊಂಡ ನಿಂದ್ರಾಕಲ್ಲ" ಎಂದು ಪಾರಿಸ ಅಚ್ಚನ್ನು ವಾಪಸು ಒಯ್ದ. ಮಲಕಾರಿ, ಕುರಿ ಇನ್ನು ನಿನ್ನವೇ ಎಂದು ಕಾಡಸಿದ್ದನಿಗೆ ಹೇಳಿಕಳಿಸಿ, ಭಾವುಸಾಹೇಬನ ನೀರಿನ ಕೆಲಸದಲ್ಲೇ ಉಳಿದ.

ಮೊದಲ ಮಳೆ ಬಿದ್ದ ಮೇಲೆ ಹಿಂಡು ಊರಿಗೆ ತಿರುಗಿತು. ದಾರಿ ಆ ಹೊಲದ ಬದಿಗೇ. ಕಾಡಸಿದ್ದ ನಿಂತು ಅಣ್ಣನ ಕಾಲು ಮುಟ್ಟಿದ, ಅತ್ತಿಗೆಯನ್ನು ಮಾತಾಡಿಸಿದ. ನಿಲ್ಲಲು ಅವನಿಗೆ ಪುರಸೊತ್ತಿರಲಿಲ್ಲ, ಮೋಡ ಕಟ್ಟಿತ್ತು. ಹೊಸ ಮರಿಗಳು ಮಲಕಾರಿಯನ್ನು ಕಲ್ಲುಕಂಬ ದಾಟಿದ ಹಾಗೆ ದಾಟಿ ಹೋದವು. ಕೊನೆಗೆ ಒಂದು ಮುದಿ ಕುರಿ, ಕರಿ ಮೋರೆಯದು, ಹಿಂಡು ಬಿಟ್ಟು ಬಂದು ಅವನ ಮೊಣಕಾಲಿಗೆ ಮೂತಿ ತಿಕ್ಕಿ ನಿಂತಿತು.

ಸಕ್ಕುಬಾಯಿ ಬಾಗಿಲಿಗೆ ತೆವಳಿ ಬಂದಿದ್ದಳು. "ಅದೊಂದರ ಇಟ್ಟಕೊಳ್ರಿ" ಎಂದಳು.

"ಒಂಟಿ ಕುರಿ ಬದಕೂದಿಲ್ಲ" ಎಂದ ಮಲಕಾರಿ. "ಒದರಿ ಒದರಿ, ಮೇವು ಬಿಟ್ಟು ಸಾಯ್ತೈತಿ. ನಿನಗ ಗೊತ್ತಿಲ್ಲೇನ?"

ಅವನು ಕೋಲಿನಿಂದ ಅದರ ಬೆನ್ನಿಗೆ ಮೆಲ್ಲಗೆ ತಟ್ಟಿದ. ಹೋಗಲಿಲ್ಲ. ಇನ್ನೊಮ್ಮೆ ಹೊಡೆದ, ಈ ಸಲ ನೋವಾಗುವ ಹಾಗೆ. ಕುರಿ ಅವನ ಮುಖ ನೋಡಿತು. ಮೂರನೆಯ ಏಟಿಗೆ ಕುಂಟುತ್ತ ಓಡಿ ಹಿಂಡು ಸೇರಿತು. ಆಮೇಲೆ ಯಾವ ಕುರಿ ಯಾವುದೆಂದು ಅವನಿಗೂ ತಿಳಿಯಲಿಲ್ಲ.

"ಹಂಗ ನನ್ನನ್ನೂ ಹೊಡದ ಓಡಿಸಿದ್ರ" ಎಂದಳು ಸಕ್ಕುಬಾಯಿ, "ನೀವು ಇವತ್ತ ಆ ಹಿಂಡಿನಾಗ ಇರ್ತಿದ್ರಿ."

ಮಲಕಾರಿ ಇಲ್ಲ ಎನ್ನಬೇಕಿತ್ತು. ಅವಳು ಕಾದಳು. ಹಿಂಡು ತಿರುವು ದಾಟಿ ಮರೆಯಾಯಿತು, ಹನಿ ಬೀಳತೊಡಗಿತು. ಅವನು ಕೋಲನ್ನು ತಗಡಿಗೆ ಒರಗಿಸಿ, ಕಟ್ಟಿಗೆ ನೆನೆಯುವ ಮೊದಲು ಒಳಗಿಡಲು ಹೋದ.