ಪುಟ ನೂರ ಹನ್ನೆರಡು

ಕೂಲಿಯಿಲ್ಲದ ದುಡಿಮೆಯ ರಾಜಕೀಯ ಅರ್ಥಶಾಸ್ತ್ರ. ಇದು ನನ್ನ ಪಿಎಚ್.ಡಿ. ವಿಷಯ. ಮಾರ್ಗದರ್ಶಕರು ಪ್ರೊಫೆಸರ್ ಬಾಳಕೃಷ್ಣ ಸರ್. ಕ್ಷೇತ್ರಕಾರ್ಯಕ್ಕೆಂದು ಊರೂರು ಅಲೆಯುವ ತಾಪತ್ರಯವನ್ನು ಆ ಪುಣ್ಯಾತ್ಮರು ನನಗೆ ಕೊಡಲೇ ಇಲ್ಲ. ಧಾರವಾಡದ ತಮ್ಮ ಮನೆಯಲ್ಲೇ ಎಲ್ಲ ಅನುಕೂಲ ಮಾಡಿಕೊಟ್ಟರು. ಏಳು ವರ್ಷ ಉಣಕಲ್‌ನಿಂದ ಬಸ್ಸು ಹತ್ತಿ ಹೋಗಿ ಅವರ ಗ್ಯಾಸ್ ಸಿಲಿಂಡರ್ ತಂದೆ, ಲೈಟ್ ಬಿಲ್ಲಿನ ಪಾಳಿಯಲ್ಲಿ ನಿಂತೆ, ಗಿರಣಿಯಲ್ಲಿ ಜೋಳ ಬೀಸಿಸಿದೆ.

೧೯೯೮ರಲ್ಲಿ ಕಾಲೇಜೊಂದರ ಕಾಯಂ ಹುದ್ದೆಗೆ ಅರ್ಜಿ ಕರೆದರು. ಸಂದರ್ಶನದ ದಿನದೊಳಗೆ ಡಿಗ್ರಿ ಕೈಗೆ ಬರದಿದ್ದರೆ, ಮುಂದಿನ ಸಲ ಕರೆಯುವಷ್ಟರಲ್ಲಿ ನನ್ನ ವಯಸ್ಸೇ ಮೀರಿಹೋಗುತ್ತಿತ್ತು. ಪ್ರಬಂಧವೋ, ಎಂಟು ತಿಂಗಳಿಂದ ಸರ್ ಮನೆಯ ಟಿವಿ ಮೇಲೆ ಹಾಯಾಗಿ ಮಲಗಿತ್ತು.

"ಓದ್ಲಿಕ್ಕತ್ತೇನಿ ಹನಮೇಶ, ಭಾಳ ಆಳವಾಗಿ ಓದ್ಲಿಕ್ಕತ್ತೇನಿ," ಅನ್ನುತ್ತಿದ್ದರು.

ನನ್ನ ಪಿತ್ತ ನೆತ್ತಿಗೇರಿತು. ಟೈಪಿನ ತಪ್ಪು ತಿದ್ದುವ ನೆಪದಲ್ಲಿ ಪ್ರಬಂಧ ಒಯ್ದು ಪುಟ ನೂರ ಹನ್ನೆರಡನ್ನು ಹೊಸದಾಗಿ ಬರೆದೆ: "ಉದಾಹರಣೆಗೆ, ಈ ಊರಿನ ಒಬ್ಬ ಪ್ರಾಧ್ಯಾಪಕರ ಮನೆ." ಸಿಲಿಂಡರ್, ಬಿಲ್ಲು, ಗಿರಣಿ ಎಲ್ಲ ಬಂತು, ಹೆಸರೊಂದು ಬಿಟ್ಟು. ಆಮೇಲೆ ಪುಸ್ತಕದಲ್ಲಿ ಓದಿದ್ದನ್ನು ಜನ್ಮದಲ್ಲಿ ಮೊದಲ ಸಲ ಮಾಡಿದೆ: ಮುಷ್ಕರ.

"ಪ್ರಬಂಧಕ್ಕ ಸಹಿ ಆಗೂತನಕ ಗಿರಣಿಗೆ ಹೋಗಂಗಿಲ್ರಿ ಸರ್."

ಮನೆಯಲ್ಲಿ ಹಿಟ್ಟು ಮುಗಿದಿತ್ತು. ಸರ್ ಗಿರ್ಮಿಟ್ ತಿನ್ನುತ್ತಲೇ ಸಹಿ ಒಗೆದರು. "ಅಕ್ಷರ ಅಕ್ಷರ ನೋಡೇನಿ," ಅಂದರು.

ಸಂದರ್ಶನಕ್ಕೆ ವಾರವಿರುವಾಗ ಮೌಖಿಕ ಪರೀಕ್ಷೆ ನಡೆಯಿತು. ಮೈಸೂರಿನಿಂದ ಬಂದ ಪರೀಕ್ಷಕರು ತುಂಬಿದ ಸಭೆಯಲ್ಲಿ ಬೇಕೆಂತಲೇ ಪುಟ ನೂರ ಹನ್ನೆರಡನ್ನು ಗಟ್ಟಿಯಾಗಿ ಓದಿದರು. ಇಡೀ ವಿಭಾಗಕ್ಕೆ ಅದು ಯಾರ ಮನೆಯೆಂದು ಗೊತ್ತು. ಎಲ್ಲರೂ ಕರವಸ್ತ್ರ ಬಾಯಿಗಿಟ್ಟುಕೊಂಡರು. ಕೆಟ್ಟೆನಲ್ಲಪ್ಪಾ, ಏಳು ವರ್ಷ ನೀರಿಗೆ ಹೋಯಿತು ಅಂದುಕೊಂಡೆ.

ಸರ್ ಎದ್ದು ನಿಂತರು. ಅವರ ಕಣ್ಣಲ್ಲಿ ಖರೇನೇ ನೋವಿತ್ತು.

"ಎಂಥಾ ನಾಚಿಕಿಗೇಡಿ ಮಂದಿ ಇದ್ದಾರ ನೋಡ್ರಿ! ಖುದ್ದು ಹೋಗಿ ನೋಡಿ ಬರೀ ಅಂತ ಹುಡುಗನ್ನ ನಾನೇ ಕಳಿಸಿದ್ದೆ."

ಚಪ್ಪಾಳೆ ಬಿತ್ತು. ನಾನು ಡಾಕ್ಟರ್ ಆದೆ.

ಹೊರಗೆ ಸರ್ ನನ್ನ ಬೆನ್ನು ತಟ್ಟಿದರು. "ಸಂದರ್ಶನದ ಸಮಿತಿಯೊಳಗ ನಾನೇ ಇದ್ದೇನಿ, ಚಿಂತಿ ಮಾಡಬ್ಯಾಡ." ಹಾಗೇ ಸ್ಕೂಟರಿಗೆ ಸಿಕ್ಕಿಸಿದ್ದ ಜೋಳದ ಚೀಲ ತೆಗೆದು ಮುಂದೆ ಚಾಚಿದರು. "ಲಗೂ ಹೋಗು, ಗಿರಣಿಯಾಂವ ಬಂದ್ ಮಾಡ್ತಾನ."

ಸಿಟ್ಟು ಬಂತು. ಅದಕ್ಕಿಂತ ಹೆಚ್ಚು ನಾಚಿಕೆಯಾಯಿತು. ಚೀಲ ಇಸಿದುಕೊಂಡೆ.

"ಸಣ್ಣಗ ಬೀಸಸ್ಲೇನ್ರಿ ಸರ್?" ಎಂದೆ.