ಬೋರಲು ಹಿಡಿದ ಡಬ್ಬಿ

ನಾನು ಮುಲ್ಕಿ ಪರೀಕ್ಷೆ, ಅಂದರೆ ಏಳನೇ ಇಯತ್ತೆ, ಪಾಸಾದವನು. ಬನವಾಸಿ–ಶಿರಸಿ ಬಸ್ಸಿನಲ್ಲಿ ಕಂಡಕ್ಟರನಾಗಿದ್ದಷ್ಟು ವರ್ಷ ಈ ಮಾತನ್ನು ದಿನಕ್ಕೊಮ್ಮೆಯಾದರೂ ಯಾರದಾದರೂ ಕಿವಿಗೆ ಹಾಕದೆ ಬಿಟ್ಟವನಲ್ಲ. ಈಗ ಹೇಳುತ್ತಿರುವುದು ಮಾತ್ರ ಜಂಬಕ್ಕಲ್ಲ. ಆ ಮುಲ್ಕಿಯಿಂದಲೇ ನನ್ನ ಮಾನ ಹೋಯಿತು. ಊರವರಿಗೆ ಅದು ಗೊತ್ತಿಲ್ಲ, ನನಗೆ ಗೊತ್ತಿದೆ, ಅಷ್ಟು ಸಾಕಲ್ಲವೇ?

ಅರವತ್ತೊಂದನೇ ಇಸವಿ, ಸುಗ್ಗಿಯ ದಿನಗಳು. ಯಾರೋ ಒಯ್ಯುತ್ತಿದ್ದ ಎಣ್ಣೆ ಡಬ್ಬಿ ಸೋರಿ ಮಾಸ್ತರರೊಬ್ಬರ ಹೊಸ ಧೋತರ ಹಾಳಾಗಿತ್ತು. ಅವರು ಕೂಗಾಡಿದ ಕೂಗಾಟಕ್ಕೆ ನಮ್ಮ ಬಸ್ಸಿನ ಮಾಲೀಕರು ಬಾಗಿಲ ಮೇಲೆ ಕೆಂಪು ಬಣ್ಣದಲ್ಲಿ ಬರೆಸಿಬಿಟ್ಟರು: ‘ದ್ರವ ಪದಾರ್ಥಗಳನ್ನು ಒಳಗೆ ಒಯ್ಯಕೂಡದು.’ ಅಂಥದೇನಿದ್ದರೂ ಟಾಪಿನ ಮೇಲೆ ಹೋಗಬೇಕು.

ಬರೆಸುವುದೇನೋ ಬರೆಸಿದರು. ನಮ್ಮ ಬಸ್ಸು ಹತ್ತುವವರಲ್ಲಿ ಓದು ಬಲ್ಲವರೇ ಅರ್ಧ, ಓದಿದವರಲ್ಲೂ ಅರ್ಧ ಜನಕ್ಕೆ ದ್ರವವೆಂದರೇನೆಂದು ಗೊತ್ತಿಲ್ಲ. ಡ್ರೈವರ್ ನಾಗಪ್ಪನೇ ಕೇಳಿದ, “ಕಲ್ಲಯ್ಯಾ, ದ್ರವ ಅಂದ್ರ ಏನೋ ಮಾರಾಯಾ?”

ಸಾಲೆಯಲ್ಲಿ ಬಾಯಿಪಾಠ ಮಾಡಿದ್ದು ನನಗೆ ನೆನಪಿತ್ತು. ತನ್ನದೇ ಆಕಾರ ಉಳ್ಳದ್ದು ಘನ, ಪಾತ್ರೆಯ ಆಕಾರ ತಾಳುವುದು ದ್ರವ. ಹೇಳಿದೆ. ನಾಗಪ್ಪನಿಗೆ ಅದೂ ತಿಳಿಯಲಿಲ್ಲ. ಆಗ ನಾನೇ ಒಂದು ಪರೀಕ್ಷೆ ಹುಡುಕಿದೆ: ಪಾತ್ರೆಯನ್ನು ಬಾಗಿಲಲ್ಲೇ ಬೋರಲು ಹಿಡಿಯಬೇಕು, ನಾನು ಹತ್ತು ಎಣಿಸಬೇಕು. ಬಿದ್ದರೆ ದ್ರವ, ಟಾಪಿಗೆ. ಬೀಳದಿದ್ದರೆ ಘನ, ಒಳಗೆ.

ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದನಂತೆ. ನನ್ನ ಐಶ್ವರ್ಯ ಈ ಎಣಿಕೆ. ಒಂದು ದಿನ ಗಟ್ಟಿ ಮೊಸರಿನ ಗಡಿಗೆ ಬಂತು. ಆರರವರೆಗೆ ನಿಂತು, ಏಳಕ್ಕೆ ಒಡತಿಯ ಕಾಲ ಮೇಲೆ ಇಳಿಯಿತು. ಜೇನಿನಂಥ ಜೋನಿಬೆಲ್ಲ ಚಳಿಗೆ ಬಿಗಿದು ಎಂಟಾದರೂ ಅಲುಗಲಿಲ್ಲ, ಒಂಬತ್ತಕ್ಕೆ ಒಂದು ಎಳೆ ಇಳಿದಾಗ ಬಸ್ಸಿನ ತುಂಬ ಹೋ ಎಂದು ಕೂಗು. ಉಪ್ಪಿನಕಾಯಿಗೆ, “ಮಿಡಿ ಒಳಗ, ರಸ ಮ್ಯಾಲ” ಎಂದು ತೀರ್ಪು ಕೊಟ್ಟೆ. ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಕಲ್ಲಯ್ಯನ ಕೋರ್ಟು ಎಂದು ಹೆಸರೇ ಬಿತ್ತು. ನನಗೆ ಅದು ಹಿತವಾಗಿತ್ತು.

ಒಂದು ಮುಂಜಾನೆ ಬನವಾಸಿಯಲ್ಲಿ ಶಂಕ್ರಪ್ಪನವರು ಹತ್ತಿದರು. ದೊಡ್ಡ ಜಮೀನುದಾರರು. ಮಗಳು ಶಿರಸಿ ಆಸ್ಪತ್ರೆಯಲ್ಲಿ ಹಡೆದಿದ್ದಳು. ಬಾಣಂತಿಗೆಂದು ತುಪ್ಪ ಒಯ್ಯುತ್ತಿದ್ದರು. ಅವರ ಡಬ್ಬಿಯನ್ನು ಬೋರಲು ಮಾಡಿರೆಂದು ಹೇಳುವ ಧೈರ್ಯ ನನಗೆಲ್ಲಿಯದು? ಮುಚ್ಚಳ ತೆಗೆದು ಬೆರಳಲ್ಲಿ ಒತ್ತಿ ನೋಡಿದಂತೆ ಮಾಡಿದೆ. “ಚಳಿಗೆ ಕಲ್ಲಾಗೇತ್ರಿ. ಘನ” ಎಂದೆ. ಡಬ್ಬಿ ಮುಂದಿನ ಸೀಟಿನ ಕೆಳಗೆ, ಇಂಜಿನ್ನಿನ ಪಕ್ಕಕ್ಕೆ ಹೋಯಿತು.

ಮುಂದೆ ಕೆರೆ ಏರಿಯ ಹತ್ತಿರ ಮಂಜಿ ಕೈಮಾಡಿದಳು. ಕೂಲಿ ಮಾಡುವವಳು. ಅವಳ ಗಂಡ ಬೀರನನ್ನು ಎತ್ತು ಒದ್ದು ದವಡೆ ಮುರಿದಿತ್ತು, ಆಸ್ಪತ್ರೆಯಲ್ಲಿ ಮಲಗಿದ್ದ. ಬಾಯಿ ತೆರೆಯುವಂತಿಲ್ಲ, ಅಗಿಯುವಂತಿಲ್ಲ, ತೆಳ್ಳಗಿನದೇನಾದರೂ ಹಲ್ಲಿನ ಸಂದಿಯಲ್ಲಿ ಇಳಿದರೆ ಅದೇ ಅವನ ಊಟ. ಇದೆಲ್ಲ ನನಗೆ ಅಂದು ಗೊತ್ತಿರಲಿಲ್ಲ. ಕೇಳಿದ್ದರೆ ಗೊತ್ತಾಗುತ್ತಿತ್ತು. ಕೇಳಲಿಲ್ಲ.

“ಏನೈತಿ ಅದ್ರಾಗ?”

“ಗಂಜಿ ಐತ್ರಿ ಅಯ್ನೋರೆ. ಗಂಡಗ ಆರಾಮಿಲ್ಲ, ಆಸ್ಪತ್ರಿಗೆ...”

“ಊರ ಕತಿ ಬ್ಯಾಡ. ಬೋರಲು ಹಿಡಿ.”

ಅವಳು ಡಬ್ಬಿಯನ್ನು ಎದೆಗೆ ಒತ್ತಿಕೊಂಡಳು. ಅಲ್ಯೂಮಿನಿಯಂ ಡಬ್ಬಿ, ಮುಚ್ಚಳ ಸಡಿಲ, ಮೇಲೆ ಬಾಳೆಎಲೆ ಇಟ್ಟು ನಾರಿನಿಂದ ಕಟ್ಟಿದ್ದಳು. “ಚೆಲ್ಲಿಹೋಗ್ತದ್ರಿ” ಎಂದಳು.

“ಹಂಗಾದ್ರ ದ್ರವ. ಟಾಪಿಗೆ ಹಾಕು.”

“ದ್ರವ ಅಂದ್ರ ನಂಗ ತಿಳಿಯೂದಿಲ್ರಿ. ಇದು ನೀರಲ್ಲ, ಊಟ. ನಾವು ಮನಿಯಾಗೆಲ್ಲ ಇದ್ನೇ ಉಂಬೂದು.”

ಬಸ್ಸು ನಕ್ಕಿತು. ಶಂಕ್ರಪ್ಪನವರೂ ನಕ್ಕರು. ಅವರು ನಕ್ಕದ್ದು ನನಗೆ ಇನ್ನಷ್ಟು ಹುರುಪು ತಂದಿತು. “ಮುಲ್ಕಿ ಪಾಸಾದಂವ ನಾನೋ ನೀನೋ?” ಎಂದೆ. ಡಬ್ಬಿ ಮೇಲೆ ಹೋಯಿತು.

ಶಿರಸಿ ಸ್ಟ್ಯಾಂಡಿನಲ್ಲಿ ಇಳಿಸಿದಾಗ ಅದರಲ್ಲಿ ತಳಕ್ಕಂಟಿದ ನಾಲ್ಕು ಅಗುಳು ಉಳಿದಿದ್ದವು. ಗಂಜಿಯೆಲ್ಲ ಕಿಟಕಿಗಳ ಮೇಲೆ ಬೆಳ್ಳಗೆ ಇಳಿದಿತ್ತು. ನಾನು ಅವಳನ್ನೇ ಬೈದೆ. ಬಸ್ಸು ಹೊಲಸು ಮಾಡಿದಿ, ಒರೆಸಿ ಹೋಗು ಎಂದೆ. ಅವಳು ಸೀರೆಯ ಸೆರಗಿನಿಂದ ಒರೆಸಿದಳು. ಎಟುಕದ ಕಡೆ ತುದಿಗಾಲಲ್ಲಿ ನಿಂತು ಒರೆಸಿದಳು.

ಅದೇ ಹೊತ್ತಿಗೆ ಬಸ್ಸಿನೊಳಗೆ ಇಂಜಿನ್ನಿನ ಬಿಸಿಗೆ ಶಂಕ್ರಪ್ಪನವರ ತುಪ್ಪ ಕರಗಿ ಹಲಗೆಯ ಮೇಲೆ ಹರಿದಿತ್ತು. ಅದನ್ನು ನಾನೇ, ಯಾರಿಗೂ ಹೇಳದೆ, ನನ್ನ ಕರ್ಚೀಫಿನಿಂದ ಒರೆಸಿದೆ. ಇಡೀ ದಿನ ಕೈ ಘಮಘಮ ಅನ್ನುತ್ತಿತ್ತು.

ಮರುದಿನ ಮಂಜಿ ಮತ್ತೆ ಬಂದಳು. ನಾನು ಬಾಯಿ ತೆರೆಯುವ ಮೊದಲೇ ಬಾಗಿಲಲ್ಲಿ ನಿಂತು ಎಲೆ ಬಿಚ್ಚಿ ಡಬ್ಬಿಯನ್ನು ಬೋರಲು ಹಿಡಿದಳು. ಏನೂ ಬೀಳಲಿಲ್ಲ. ಗಂಜಿಯನ್ನು ಇಂಗಿಸಿ ಇಂಗಿಸಿ ಗಟ್ಟಿ ಮಾಡಿ, ಒತ್ತಿ ತುಂಬಿಕೊಂಡು ಬಂದಿದ್ದಳು.

“ಎಣಿಸ್ರಿ ಅಯ್ನೋರೆ” ಎಂದಳು. ಅದರಲ್ಲಿ ಕೊಂಕಿರಲಿಲ್ಲ. ಪರೀಕ್ಷೆಗೆ ಓದಿಕೊಂಡು ಬಂದವರ ಧ್ವನಿ ಅದು.

ನಾನು ಹತ್ತರವರೆಗೂ ಗಟ್ಟಿಯಾಗಿ ಎಣಿಸಿದೆ. “ಘನ! ನೋಡ್ರಪಾ, ಕಲಿಸಿದ್ರ ಕಲೀತಾರ” ಎಂದು ಬಸ್ಸಿಗೆಲ್ಲ ಹೇಳಿ ಒಳಗೆ ಬಿಟ್ಟೆ. ಅದರ ಮರುದಿನವೂ ಹಾಗೆ, ಅದರ ಮರುದಿನವೂ ಹಾಗೆ. ಟಿಕೇಟು ತೋರಿಸುವಂತೆ ಡಬ್ಬಿ ತೋರಿಸುತ್ತಿದ್ದಳು.

ಐದನೆಯ ದಿನ ಶಂಕ್ರಪ್ಪನವರು ಇನ್ನೊಂದು ಡಬ್ಬಿ ತುಪ್ಪ ಕೊಟ್ಟು, “ಕಲ್ಲಯ್ಯಾ, ನನಗ ಬರಾಕ ಆಗೂದಿಲ್ಲ, ಮಗಳಿಗೆ ಮುಟ್ಟಿಸಿಬಿಡು” ಎಂದರು. ಬಸ್ಸು ತಿರುಗಿ ಹೊರಡಲು ಇನ್ನೂ ಹೊತ್ತಿತ್ತು. ಆಸ್ಪತ್ರೆಗೆ ಹೋದೆ, ತುಪ್ಪ ಮುಟ್ಟಿಸಿದೆ, ಹಿಂದಿನ ಬಾಗಿಲಿನಿಂದ ಹೊರಟೆ.

ಹಿತ್ತಿಲ ನಲ್ಲಿಯ ಹತ್ತಿರ ಮಂಜಿ ಕುಕ್ಕರುಗಾಲಲ್ಲಿ ಕೂತಿದ್ದಳು. ಡಬ್ಬಿಯ ಗಟ್ಟಿ ಅನ್ನಕ್ಕೆ ತಣ್ಣೀರು ಹಾಕಿ ಕಿವುಚುತ್ತಿದ್ದಳು. ಕಿವುಚಿ ಸೆರಗಿನಲ್ಲಿ ಸೋಸಿ ಲೋಟಕ್ಕೆ ಹಿಂಡುತ್ತಿದ್ದಳು. ಬಟ್ಟೆಯಿಂದ ನಾಲ್ಕು ಹನಿ ಇಳಿದರೆ ಉಂಡೆಯೆಲ್ಲ ಬಟ್ಟೆಯಲ್ಲೇ ಉಳಿಯುತ್ತಿತ್ತು. ಅವಳು ನನ್ನನ್ನು ನೋಡಲಿಲ್ಲ. ಲೋಟ ಹಿಡಿದು ಒಳಗೆ ಹೋದಳು. ನಾನು ಏಕೆ ಹಿಂದೆ ಹೋದೆನೋ, ಹೋದೆ.

ಬಾಗಿಲ ಸಂದಿಯಿಂದ ಕಂಡಿತು. ಗದ್ದದಿಂದ ನೆತ್ತಿಯವರೆಗೆ ಪಟ್ಟಿ ಸುತ್ತಿಸಿಕೊಂಡ ಗಂಡಸು. ಅವಳು ತುಟಿಯ ಮೂಲೆಗೆ ಹನಿಹನಿ ಬಿಡುತ್ತಿದ್ದಳು. ಎಲ್ಲೋ ಒಂದು ಅಗುಳು ಸಿಕ್ಕಿಕೊಂಡಿತು. ಕೆಮ್ಮಲು ಅವನಿಗೆ ಬಾಯಿ ತೆರೆಯುವಂತಿಲ್ಲ. ಮುಖ ಕಪ್ಪಿಟ್ಟು ಕಣ್ಣಲ್ಲಿ ನೀರು ಬಂತು. ಲೋಟವನ್ನು ಕೈಯಿಂದ ದೂರ ತಳ್ಳಿ ಗೋಡೆಯ ಕಡೆ ಹೊರಳಿದ.

ನನ್ನ ಪಕ್ಕಕ್ಕೆ ಬಂದು ನಿಂತ ನರ್ಸಬಾಯಿ ನನ್ನನ್ನು ಅವರ ಕಡೆಯವನೆಂದು ತಿಳಿದು ಹೇಳಿದರು, “ಹೊಟ್ಟೆಗಿಲ್ಲದೆ ಸೊರಗಿ ಹೋಗಿದಾನೆ ನೋಡಿ. ತೆಳ್ಳಗೆ ಗಂಜಿ ತಾರೇ ಅಂತ ದಿನಾ ಬಡಕೊಳ್ತೀನಿ. ಬಸ್ಸಲ್ಲಿ ಬಿಡೋದಿಲ್ಲ ಅಂತಾಳೆ. ಯಾವ ಕತ್ತೆಯಪ್ಪಾ ಆ ಕಂಡಕ್ಟರು?”

ನನ್ನ ಖಾಕಿ ಅಂಗಿಯ ಮೇಲೆ ಕಂಡಕ್ಟರನ ಹಿತ್ತಾಳೆ ಬಿಲ್ಲೆ ಇತ್ತು. ಕೆರೆದುಕೊಳ್ಳುವವನಂತೆ ಅದರ ಮೇಲೆ ಕೈ ಇಟ್ಟೆ. “ವಿಚಾರಿಸ್ತೇನ್ರಿ ಬಾಯಾರೆ” ಎಂದೆ. ನಾನೇ ಆ ಕತ್ತೆ ಎನ್ನಲು ನಾಲಿಗೆ ಏಳಲಿಲ್ಲ. ಬಡವನ ಸಿಟ್ಟು ದವಡೆಗೆ ಮೂಲ ಅನ್ನುತ್ತಾರೆ. ಆ ಬಡವ ಯಾರ ಮೇಲೂ ಸಿಟ್ಟು ಮಾಡಿದವನಲ್ಲ. ದವಡೆಗೆ ಎತ್ತು ಒದ್ದಿತು, ಹೊಟ್ಟೆಗೆ ನಾನು ಒದ್ದೆ.

ಅಂದು ಸಂಜೆ ಅವಳು ಕೆರೆ ಏರಿಯಲ್ಲಿ ಇಳಿಯುವಾಗ, “ಮಂಜವ್ವಾ” ಎಂದೆ. ಅವಳು ಯಾರನ್ನು ಕರೆದೆನೆಂದು ಹಿಂದೆ ತಿರುಗಿ ನೋಡಿದಳು.

“ನಾಳಿಂದ ತೆಳ್ಳನ ಗಂಜೀನ ತಗೊಂಬಾ. ನಾ ಒಳಗ ಇಟ್ಕೊಂತೀನಿ.”

“ಬ್ಯಾಡ್ರಿ ಅಯ್ನೋರೆ, ಮತ್ತ ಚೆಲ್ಲಿದ್ರ ನಿಮ್ ಬಸ್ಸು ಹೊಲಸಾಗ್ತದ” ಎಂದಳು.

ಅಲ್ಲೇ ಹೇಳಬಹುದಿತ್ತು. ತಪ್ಪಾತು ತಂಗಿ, ಎರಡೇ ಮಾತು. ನಾಗಪ್ಪ ಕೇಳಿಸಿಕೊಳ್ಳುತ್ತಿದ್ದ. ನಾನು ಸೀಟಿ ಊದಿದೆ.

ಮರುದಿನ ತೆಳ್ಳನೆಯ ಗಂಜಿಯನ್ನೇ ತಂದಿದ್ದಳು. ಆದರೆ ಬಾಗಿಲಿಗೆ ಬಂದ ಕೂಡಲೇ ಕೈ ರೂಢಿಯಂತೆ ನಾರು ಬಿಚ್ಚಿ ಡಬ್ಬಿಯನ್ನು ಬೋರಲು ಮಾಡಹೊರಟಿತು. ನಾನು ಹಾರಿ ಹಿಡಿದೆ. ಬಿಸಿ ಗಂಜಿ ನನ್ನ ಅಂಗಿಯ ಮೇಲೆ ತುಳುಕಿತು. ಅವಳು ಹೆದರಿ ಸೆರಗು ಮುಂದೆ ಮಾಡಿದಳು, ಒರೆಸಲು. ಆ ಸೆರಗನ್ನು ನೋಡಿ ನನಗೆ ಸತ್ತಂತಾಯಿತು.

ಶಿರಸಿ ಬರುವವರೆಗೆ ಡಬ್ಬಿಯನ್ನು ಎಡಗೈಯಲ್ಲಿ ಹಿಡಿದು, ಬಲಗೈಯಲ್ಲಿ ಟಿಕೇಟು ಹರಿದೆ. ಅಂದು ಮಗಳನ್ನು ನೋಡಲು ಹೊರಟಿದ್ದ ಶಂಕ್ರಪ್ಪನವರು ಸುಮ್ಮನಿದ್ದಾರೆಯೇ? “ಏನೋ ಕಲ್ಲಯ್ಯಾ, ಗಂಜಿ ಇವತ್ತು ಘನ ಆತೇನು?” ಎಂದರು. ಬಸ್ಸು ನಗಲು ಕಾದು ಕೂತಿತ್ತು.

“ಡಾಕ್ಟರ್ ಹುಕುಂ ಆಗೇತ್ರಿ” ಎಂದೆ. ಅದು ಸುಳ್ಳು. ಯಾವ ಡಾಕ್ಟರನೂ ನನಗೆ ಹುಕುಂ ಕೊಟ್ಟಿರಲಿಲ್ಲ. ನಿಜ ಹೇಳಿದ್ದರೆ ನಗು ನನ್ನ ಮೇಲೆ ಬೀಳುತ್ತಿತ್ತು. ಅಷ್ಟಕ್ಕೆ ಹೆದರಿದೆ. ಕೋರ್ಟನ್ನು ಮಾತ್ರ ಅಂದಿನಿಂದ ಮುಚ್ಚಿದೆ. ಮೊಸರು ಬಂದರೂ ಜೋನಿ ಬಂದರೂ, “ಗಟ್ಟಿ ಹಿಡ್ಕೊಂಡು ಕೂಡ್ರಿ” ಎನ್ನುವುದಷ್ಟೇ ಉಳಿಯಿತು.

ತಿಂಗಳ ಮೇಲಾಯಿತು. ಒಂದು ಮಧ್ಯಾಹ್ನ ಶಿರಸಿ ಸ್ಟ್ಯಾಂಡಿನಲ್ಲಿ ಮಂಜಿ ಬೀರನನ್ನು ನಡೆಸಿಕೊಂಡು ಬಂದಳು. ಪಟ್ಟಿ ಬಿಚ್ಚಿದ್ದರು. ದವಡೆ ಸ್ವಲ್ಪ ಓರೆ, ಕೆನ್ನೆಗಳು ಒಳಕ್ಕೆ ಹೋಗಿದ್ದವು. ಗಂಟನ್ನು ಅವಳು ಹೊತ್ತಿದ್ದಳು, ಡಬ್ಬಿ ಅವನ ಕೈಯಲ್ಲಿತ್ತು. ಬಂದಾಗ ಅವನನ್ನು ಎತ್ತಿನ ಗಾಡಿಯಲ್ಲಿ ಮಲಗಿಸಿ ತಂದಿದ್ದರಂತೆ. ನಮ್ಮ ಬಸ್ಸಿಗೆ ಇದೇ ಮೊದಲು.

ಇಂದು ಹೇಳಿಯೇ ಬಿಡುತ್ತೇನೆ ಎಂದು ನಾನು ಬಾಗಿಲಿಗೆ ಬಂದೆ. ಇಬ್ಬರ ಎದುರಿಗೂ, ಇಡೀ ಬಸ್ಸಿನ ಎದುರಿಗೂ.

ಅಷ್ಟರಲ್ಲಿ ಬೀರ ಮೆಟ್ಟಿಲ ಕೆಳಗೆ ನಿಂತು, ಮುಚ್ಚಳ ತೆಗೆದು, ಖಾಲಿ ಡಬ್ಬಿಯನ್ನು ಎರಡೂ ಕೈಯಿಂದ ನನ್ನ ಮುಖದ ಎದುರು ಬೋರಲು ಹಿಡಿದ. ಬಸ್ಸಿನ ಪದ್ಧತಿಯನ್ನು ಹೆಂಡತಿ ಆ ಮೊದಲ ದಿನಗಳಲ್ಲೇ ಹೇಳಿಕೊಟ್ಟಿರಬೇಕು. ಸರಿಯಾಗಿ ಹಿಡಿದಿದ್ದೇನೋ ಇಲ್ಲವೋ ಎಂದು ನನ್ನನ್ನೇ ನೋಡುತ್ತಿದ್ದ. ಹಿಂದಿನಿಂದ ಯಾರೋ, “ಎಣಿಸೋ ಕಲ್ಲಯ್ಯಾ!” ಎಂದು ಕೂಗಿದರು. ಬಸ್ಸಿಗೆ ಬಸ್ಸೇ ನಕ್ಕಿತು.

ಡಬ್ಬಿಯನ್ನು ಆಗಷ್ಟೇ ತೊಳೆದಿದ್ದರೆಂದು ಕಾಣುತ್ತದೆ. ಅಂಚಿನಲ್ಲಿ ಒಂದು ಹನಿ ನೀರು ಕೂಡಿಕೊಂಡಿತು, ತಡೆದು ನನ್ನ ಬೂಟಿನ ಮೇಲೆ ಬಿತ್ತು.

ಬೀರನ ಮುಖ ಇಳಿದುಹೋಯಿತು. ಓರೆ ಬಾಯಿಯಲ್ಲಿ, ಒಂದೊಂದೇ ಮಾತನ್ನು ಕಷ್ಟಪಟ್ಟು ಕೂಡಿಸಿ ಕೇಳಿದ:

“ಬಿತ್ತಲ್ರಿ ಅಯ್ನೋರೆ... ಟಾಪಿನ ಮ್ಯಾಲ ಇಡ್ಲೇನ್ರಿ?”